ಬಡ್ಜಿಯನ್ನು ಗೂಡಿನಿಂದ ಹೊರಗೆ ಬಿಡುವ ಮೊದಲು ವಾಪಸ್ ಬರುವುದನ್ನು ಕಲಿಸಿ

ನೀವು ಕೇಳಿರುವುದು ಇಷ್ಟು. ವಿರಾಜಪೇಟೆ ಹತ್ತಿರ ತೋಟದ ಮನೆ, ಹಂಚಿನ ಮಾಡು. ಹೋದ ತಿಂಗಳು ಒಂದು ಹಸಿರು ಬಡ್ಜಿ, ಅಂದರೆ ಬಡ್ಜೆರಿಗಾರ್ ಅನ್ನುವ ಪುಟ್ಟ ಸಾಕುಗಿಣಿ, ತಂದಿದ್ದೀರಿ. ಅದನ್ನು ಗೂಡಿನಿಂದ ಹೊರಗೆ ಬಿಟ್ಟು ಆಡಿಸಬೇಕು ಅಂತ ಮಗಳ ಹಟ. ಪಕ್ಕದ ಮನೆಯವರ ಹಕ್ಕಿ ಹಾರಿಹೋಗಿದ್ದರಿಂದ ನಿಮಗೆ ಭಯ. ರೆಕ್ಕೆ ಕತ್ತರಿಸಬಹುದಾ, ಬಿಟ್ಟ ಮೇಲೆ ಒಳಗೆ ಸೇರಿಸುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಮಾವನವರು "ಪಾಪ, ಬಿಟ್ಟುಬಿಡಿ, ಹಾರಿಕೊಂಡು ಹೋಗಲಿ" ಅನ್ನುತ್ತಾರೆ ಅಂತಲೂ ಬರೆದಿದ್ದೀರಿ.

ನಾನು ಮಡಿಕೇರಿಯವಳು. ನಮ್ಮ ಮನೆಯಲ್ಲಿ ಬಡ್ಜಿಗಳನ್ನು ಸಾಕಲು ಶುರುಮಾಡಿ ವರ್ಷಗಳಾದವು, ದಿನಾ ಹೊರಗೆ ಬಿಡುತ್ತೇವೆ. ನೀವೂ ಬಿಡಿ, ಖಂಡಿತ ಬಿಡಿ. ಹಾರುವ ಪ್ರಾಣಿಗೆ ಹಾರಾಟವೇ ವ್ಯಾಯಾಮ. ಬರೀ ಗೂಡಿನಲ್ಲಿ ಕೂತು ಕಾಳು ತಿನ್ನುವ ಬಡ್ಜಿ ಬೊಜ್ಜು ಬೆಳೆಸಿಕೊಳ್ಳುತ್ತದೆ. ಆದರೆ ಒಂದು ಮಾತು. ಬಾಗಿಲು ತೆಗೆಯುವ ಮೊದಲು ಅದಕ್ಕೆ ವಾಪಸ್ ಬರುವುದನ್ನು ಕಲಿಸಿ. ಬಹಳ ಜನ ಮೊದಲು ಬಿಟ್ಟುಬಿಡುತ್ತಾರೆ, ಆಮೇಲೆ ಟವೆಲ್ ಹಿಡಿದು ಮನೆಯೆಲ್ಲಾ ಓಡಾಡುತ್ತಾರೆ. ಅಷ್ಟಾದರೆ ಸಾಕು, ಆ ಹಕ್ಕಿ ಮನುಷ್ಯರ ಕೈ ಕಂಡರೆ ತಿಂಗಳುಗಟ್ಟಲೆ ಹೆದರುತ್ತದೆ.

ನಿಮ್ಮ ಮಾವನವರ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅವರ ಮನಸ್ಸು ಒಳ್ಳೆಯದು. ಅವರ ಕಣ್ಣ ಮುಂದೆ ಇರುವುದು ಬಹುಶಃ ನಮ್ಮ ಕಾಡುಗಿಣಿ. ತೋಟಕ್ಕೆ ಹಿಂಡು ಹಿಂಡಾಗಿ ಬರುತ್ತವಲ್ಲ, ಅವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅವು ಕಾಡಲ್ಲೇ ಇರಬೇಕು. ಬಡ್ಜಿ ಹಾಗಲ್ಲ. ಅದು ಆಸ್ಟ್ರೇಲಿಯಾದ ಒಳನಾಡಿನ ಹಕ್ಕಿ. ಅಲ್ಲಿನ ಒಣ ಬಯಲಲ್ಲಿ ಹುಲ್ಲಿನ ಬೀಜ ತಿಂದುಕೊಂಡು, ನೀರು ಹುಡುಕಿಕೊಂಡು ದೊಡ್ಡ ಗುಂಪುಗಳಲ್ಲಿ ತಿರುಗುತ್ತದೆ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ಈಚೆಗೆ ಮನುಷ್ಯರ ಕೈಯಲ್ಲೇ ತಲೆಮಾರು ತಲೆಮಾರು ಮರಿ ಮಾಡಿಕೊಂಡು ಬಂದಿವೆ. ನಮ್ಮ ಕಡೆ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಮಾರುವುದೂ ಹೆಚ್ಚಾಗಿ ಇದನ್ನೇ. ಗೂಡಲ್ಲಿ ಹುಟ್ಟಿದ ಮರಿಗೆ ಊಟ ಹುಡುಕುವುದು ಗೊತ್ತಿಲ್ಲ, ಗಿಡುಗ ಬಂದರೆ ಅಡಗುವುದು ಗೊತ್ತಿಲ್ಲ. ಕೊಡಗಿನ ಜುಲೈ ಮಳೆಯಲ್ಲಿ 30-40 ಗ್ರಾಂ ತೂಕದ ಒಣನಾಡಿನ ಹಕ್ಕಿ ನೆನೆದು ಕೂತರೆ ಏನಾಗುತ್ತದೆ ಅಂತ ಮಾವನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗೇ ಹಾರಲು ಬಿಡಿ. ಅವರು ಬಯಸುವ ಸ್ವಾತಂತ್ರ್ಯ ಅದಕ್ಕೆ ಸಿಗುವುದು ಅಲ್ಲೇ.

ಈಗ ಕಲಿಸುವ ವಿಷಯ. ತಂದು ಒಂದು ತಿಂಗಳಾಗಿದೆ ಅಂದರೆ ಗೂಡಿಗೆ ಹೊಂದಿಕೊಂಡಿರಬೇಕು. ನೀವು ಹತ್ತಿರ ಇದ್ದಾಗಲೂ ಕಾಳು ತಿನ್ನುತ್ತದಾ, ಗರಿ ತಿದ್ದಿಕೊಳ್ಳುತ್ತದಾ, ಸಂಜೆ ಕೊಕ್ಕು ಮಸೆಯುವ ಸಣ್ಣ ಕಿರಕಿರ ಸದ್ದು ಮಾಡುತ್ತದಾ ನೋಡಿ. ಹಾಗಿದ್ದರೆ ಅದಕ್ಕೆ ಧೈರ್ಯ ಬಂದಿದೆ ಅಂತ ಅರ್ಥ. ನೀವು ಹತ್ತಿರ ಬಂದ ಕೂಡಲೇ ಸರಳಿಗೆ ಬಡಿದುಕೊಂಡು ಒದ್ದಾಡುತ್ತಿದ್ದರೆ ಇನ್ನೂ ಕಾಯಿರಿ.

ನವಣೆ ತೆನೆ ಸಂಪಾದಿಸಿ. ಸಾಕುಪ್ರಾಣಿ ಅಂಗಡಿಯಲ್ಲಿ ಮಿಲೆಟ್ ಸ್ಪ್ರೇ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದುಬಾರಿ ಬೆಲೆಗೆ ಕೊಡುವುದು ಇದನ್ನೇ. ಹಾಸನ, ಮೈಸೂರು ಕಡೆ ನೆಂಟರಿದ್ದರೆ ಔಷಧಿ ಹೊಡೆಯದ ತೆನೆ ಸಿಗುತ್ತದಾ ಕೇಳಿ ನೋಡಿ. ಬಡ್ಜಿಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ. ಹಾಗಾಗಿ ದಿನಾ ಗೂಡಿನಲ್ಲಿ ನೇತುಹಾಕಬೇಡಿ. ಅದು ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಮೊದಲು ಸರಳಿನ ಸಂದಿಯಿಂದ ತಿನ್ನಿಸಿ. ಆಮೇಲೆ ಕೈಯನ್ನು ಒಳಗೆ ಹಾಕಿ, ಅಲ್ಲಾಡಿಸದೆ ಹಿಡಿದುಕೊಂಡಿರಿ. ಅದೇ ಬಂದು ತಿನ್ನಲಿ. ಅದಾದ ಮೇಲೆ ತೋರುಬೆರಳನ್ನು ಅದರ ಹೊಟ್ಟೆಯ ಕೆಳಭಾಗಕ್ಕೆ, ಕಾಲಿನ ಸ್ವಲ್ಪ ಮೇಲೆ, ಮೆಲ್ಲಗೆ ತಾಗಿಸಿ "ಹತ್ತು" ಅನ್ನಿ. ಒಂದು ಕಾಲು ಇಟ್ಟರೂ ಎರಡು ಕಾಳು ಕೊಡಿ. ಪ್ರತಿ ಸಲ ಅದೇ ಪದ, ಅದೇ ದನಿ. ನಿಮ್ಮ ಮಗಳಿಗೆ ತಾಳ್ಮೆ ಇದ್ದರೆ ಈ ಕೆಲಸವನ್ನು ಅವಳಿಗೇ ಒಪ್ಪಿಸಿ. ಮಕ್ಕಳ ದನಿಗೆ ಬೇಗ ಒಗ್ಗಿಕೊಳ್ಳುತ್ತವೆ ಅಂತ ನನಗನ್ನಿಸಿದೆ. ಗೂಡಿನ ಒಳಗೆ ಬೆರಳು ಹತ್ತುವ ಹಕ್ಕಿಯನ್ನು ಪರದೆಯ ಕೋಲಿನ ಮೇಲಿಂದಲೂ ಬೆರಳಲ್ಲೇ ಇಳಿಸಿಕೊಂಡು ಬರಬಹುದು. ಇಲ್ಲದಿದ್ದರೆ ಏಣಿ ಹತ್ತಬೇಕಾಗುತ್ತದೆ.

ಇನ್ನು ಕೋಣೆ. ಕೊಡಗಿನ ಮನೆಗಳಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ. ಹಂಚಿನ ಮಾಡಿಗೂ ಗೋಡೆಗೂ ನಡುವೆ ಸಂದಿ ಇರುತ್ತದೆ. ಗಾಳಿಯಾಡಲಿ ಅಂತ ಹಿರಿಯರು ಬಿಟ್ಟದ್ದು. ಬಡ್ಜಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 18 ಸೆಂಟಿಮೀಟರ್ ಇದ್ದರೂ ಅದರಲ್ಲಿ ಅರ್ಧದಷ್ಟು ಬಾಲವೇ. ಮೈ ತುಂಬಾ ಸಣ್ಣದು. ಎರಡು ಬೆರಳಗಲದ ಸಂದಿ ಸಿಕ್ಕರೂ ನುಸುಳಿ ಹೋಗುತ್ತದೆ. ಹೆದರಿದ ಹಕ್ಕಿ ಹಾರುವುದು ಮೇಲಕ್ಕೆ, ಬೆಳಕು ಕಂಡ ಕಡೆಗೆ. ನಿಮ್ಮ ಮನೆಯಲ್ಲಿ ಮೇಲೆ ಬೆಳಕು ಕಾಣುವುದು ಆ ಸಂದಿಯಲ್ಲೇ ಅಲ್ವಾ?

ಹಾಗಾಗಿ ಹಲಗೆಯ ಸೀಲಿಂಗ್ ಅಥವಾ ತಾರಸಿ ಇರುವ ಒಂದು ಕೋಣೆಯನ್ನು ಆರಿಸಿ. ಒಂದೇ ಬಾಗಿಲಿನ ಸಣ್ಣ ಕೋಣೆಯಾದರೆ ಇನ್ನೂ ಒಳ್ಳೆಯದು. ಅಂಥದ್ದು ಇಲ್ಲದಿದ್ದರೆ ಕಾಫಿ ನರ್ಸರಿಗೆ ಹಾಕುತ್ತೇವಲ್ಲ ಶೇಡ್ ನೆಟ್, ಅದನ್ನು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟರೆ ಉಗುರು ಸಿಕ್ಕಿಕೊಳ್ಳುತ್ತದೆ. ಸೊಳ್ಳೆ ಪರದೆಯ ಬಟ್ಟೆ ಬೇಡ, ಅದೂ ಉಗುರಿಗೆ ಸಿಕ್ಕುವಂಥದ್ದೇ. ಅಟ್ಟಕ್ಕೆ ಹತ್ತುವ ಬಾಯಿ ಆ ಕೋಣೆಯಲ್ಲಿದ್ದರೆ ಮುಚ್ಚಿ. ಅಟ್ಟದಲ್ಲಿ ಇಲಿ ಇರುತ್ತದೆ, ಇಲಿ ಹಿಂದೆ ಕೇರೆ ಹಾವು ಬರುತ್ತದೆ, ತೋಟದ ಮನೆಯವರಿಗೆ ಇದು ಹೊಸ ವಿಷಯ ಅಲ್ಲ. ಬೀರುವಿಗೂ ಗೋಡೆಗೂ ನಡುವಿನ ಕಿರಿದಾದ ಜಾಗವನ್ನೂ ಹಳೇ ಬಟ್ಟೆ ತುರುಕಿ ಮುಚ್ಚಿ. ಅಲ್ಲಿ ಜಾರಿ ಬಿದ್ದ ಹಕ್ಕಿಗೆ ರೆಕ್ಕೆ ಬಿಡಿಸಲು ಆಗುವುದಿಲ್ಲ.

ಕಿಟಕಿಯ ಗಾಜು ಹಕ್ಕಿಗೆ ಕಾಣುವುದಿಲ್ಲ. ಆಚೆ ಮರ ಕಂಡರೆ ನೇರವಾಗಿ ಅದಕ್ಕೇ ಹಾರಿ ಗಾಜಿಗೆ ತಲೆ ಹೊಡೆದುಕೊಳ್ಳುತ್ತದೆ. ಕಿಟಕಿ ಮುಚ್ಚಿ ಚಿಲಕ ಹಾಕಿ, ಪರದೆ ಎಳೆಯಿರಿ, ದೊಡ್ಡ ಕನ್ನಡಿಗೆ ಟವೆಲ್ ಹೊದಿಸಿ. ದಿನ ಕಳೆದ ಹಾಗೆ ಪರದೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಬಂದರೆ ಅಲ್ಲೊಂದು ಗೋಡೆ ಇದೆ ಅಂತ ಅದು ಕಲಿಯುತ್ತದೆ. ಮಡಿಕೇರಿಯಲ್ಲಿ ಫ್ಯಾನಿಲ್ಲದ ಮನೆಗಳೇ ಬೇಕಾದಷ್ಟಿವೆ. ನಿಮ್ಮ ಕಡೆ ಫ್ಯಾನ್ ಇದ್ದೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಯಾರೂ ಮರೆತು ಒತ್ತದ ಹಾಗೆ ಅದರ ಮೇಲೆ ಟೇಪ್ ಅಂಟಿಸಿ. ಕರೆಂಟ್ ಹೋದಾಗ ಹಾಕಿದ ಸ್ವಿಚ್ ಹಾಗೇ ಉಳಿದು, ಕರೆಂಟ್ ಬಂದ ಕೂಡಲೇ ಫ್ಯಾನ್ ತಿರುಗುವುದೂ ಉಂಟು. ನೀರಿನ ಬಕೆಟ್, ಡ್ರಮ್, ಕಮೋಡ್ ಎಲ್ಲಕ್ಕೂ ಮುಚ್ಚಳ ಬೇಕು. ಬಕೆಟ್ಟಿನ ನುಣುಪು ಗೋಡೆ ಹತ್ತಿ ಬರಲು ಅದರ ಕೈಲಾಗದು.

ಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಇದು ಯಾರಿಗೂ ಹೊಳೆಯುವುದಿಲ್ಲ. ಹಕ್ಕಿಯ ಉಸಿರಾಟದ ವ್ಯವಸ್ಥೆ ನಮ್ಮದಕ್ಕಿಂತ ಬಹಳ ಚುರುಕು. ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲಾ ಗಾಳಿಯ ಚೀಲಗಳಿವೆ. ಉಸಿರು ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಸಿಗುತ್ತದೆ. ಹಾರಲು ಅದು ಬೇಕು. ಆದರೆ ಗಾಳಿಯಲ್ಲಿ ವಿಷ ಇದ್ದರೆ ಅದೂ ಅಷ್ಟೇ ಬೇಗ ಒಳಗೆ ಹೋಗುತ್ತದೆ. ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಖಾಲಿ ಉಳಿದು ಅತಿಯಾಗಿ ಕಾದರೆ ಅದರ ಲೇಪನದಿಂದ ಹೊರಡುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಮಗೆ ವಾಸನೆಯೂ ಬರದೇ ಇರಬಹುದು. ಹಕ್ಕಿ ಪಕ್ಕದ ಕೋಣೆಯಲ್ಲಿದ್ದರೂ ಅಪಾಯವೇ. ನಮ್ಮ ಮನೆಯಲ್ಲಿ ಅಕ್ಕಿ ರೊಟ್ಟಿ ಕಬ್ಬಿಣದ ಕಾವಲಿಯಲ್ಲೇ. ಅತ್ತೆಗೆ ವಿಷಯ ಹೇಳಿದ ಮೇಲೆ ಅವರೇ ನಾನ್‌ಸ್ಟಿಕ್ ಪಾತ್ರೆಗಳನ್ನೆಲ್ಲಾ ಕಟ್ಟಿ ಮೇಲಿಟ್ಟರು.

ಮಳೆಗಾಲದಲ್ಲಿ ಇನ್ನೊಂದಿದೆ. ಬಟ್ಟೆ ಒಣಗಲಿ ಅಂತ ಕೆಂಡದ ಮೇಲೆ ಬುಟ್ಟಿ ಕವುಚಿ ಹರಡುತ್ತೇವಲ್ಲ, ಆ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರಿಗೇ ಅಪಾಯ, ಹಕ್ಕಿಗೆ ಕೇಳಬೇಕಾ? ಹಕ್ಕಿಯ ಕೋಣೆಯಲ್ಲಿ ಕೆಂಡ ಬೇಡ. ಸೊಳ್ಳೆ ಬತ್ತಿ, ಸಾಂಬ್ರಾಣಿ, ಊದುಬತ್ತಿ, ಮನೆಯಲ್ಲೇ ಕಾಫಿ ಬೀಜ ಹುರಿಯುವ ಹೊಗೆ, ಯಾವುದೂ ಅತ್ತ ಹೋಗದಿರಲಿ. ಅಡುಗೆಮನೆಗಂತೂ ಬಡ್ಜಿಯನ್ನು ಬಿಡಲೇಬೇಡಿ. ಕುದಿಯುವ ಸಾರಿನ ಪಾತ್ರೆಯ ಅಂಚು ಅದಕ್ಕೆ ಕೂರಲು ಚೆಂದದ ಜಾಗವಾಗಿ ಕಾಣುತ್ತದೆ.

ಬಾಯಿಗೆ ಹೋಗುವ ವಿಷಯಕ್ಕೂ ನಮ್ಮ ಊರಿಗೂ ನಂಟು ಇದೆ. ಪ್ರತಿ ಮನೆಯ ಹಿತ್ತಲಲ್ಲಿ ಬಟರ್ ಫ್ರೂಟ್ ಮರ. ಆ ಹಣ್ಣು ಬಡ್ಜಿಗೆ ವಿಷ. ಅದರಲ್ಲಿರುವ ಪರ್ಸಿನ್ ಎಂಬ ಅಂಶ ಹಕ್ಕಿಯ ಹೃದಯಕ್ಕೆ ಹೊಡೆತ ಕೊಡುತ್ತದೆ. ಮೇಜಿನ ಮೇಲೆ ಕತ್ತರಿಸಿಟ್ಟ ಹೋಳು ಇರದಂತೆ ನೋಡಿ. ಕಾಫಿ ಲೋಟ, ಚಾಕಲೇಟು, ಮನೆಯಲ್ಲಿ ಮಾಡಿದ ವೈನು, ಇವೂ ಅಷ್ಟೇ. ಕುಂಡದಲ್ಲಿ ಆಂಥೂರಿಯಂ ಇದ್ದರೆ ಆಚೆ ಇಡಿ, ಎಲೆ ಕಚ್ಚಿದರೆ ಬಾಯಿ ಗಂಟಲು ಉರಿಯುತ್ತದೆ. ಕೋವಿ ಇರುವ ಮನೆಯಾದರೆ ತೋಟೆಯ ಚರೆ ಎಲ್ಲೂ ಉದುರಿ ಬಿದ್ದಿರಬಾರದು. ಅದು ಸೀಸ, ಬಡ್ಜಿ ಕಂಡದ್ದನ್ನೆಲ್ಲಾ ಕಚ್ಚಿ ನೋಡುವ ಪ್ರಾಣಿ. ಮೊಬೈಲ್ ಚಾರ್ಜರ್ ವೈರನ್ನೂ ಬಿಡುವುದಿಲ್ಲ. ಹೊರಗೆ ಕೂರಲು ಸೀಬೆ ಮರದ ಒಂದು ಕವಲು ಕೊಂಬೆ ತೊಳೆದು ಒಣಗಿಸಿ ನಿಲ್ಲಿಸಿ, ಅದನ್ನು ಕಚ್ಚಿಕೊಂಡಿರಲಿ. ಕಾಫಿ ಕೊಂಬೆ ಗಟ್ಟಿ ನಿಜ, ಆದರೆ ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣ ಬೆರೆಸಿದ ಔಷಧಿ, ಹೊಡೆದಿರುತ್ತಾರೆ. ಆ ಮೈಲುತುತ್ತು ಹಕ್ಕಿಯ ಹೊಟ್ಟೆಗೆ ಹೋಗಬಾರದು.

ಬೆಕ್ಕು ಇದ್ದರೆ ಅದು ಬಾಗಿಲಾಚೆ, ನಾಯಿಯೂ ಆಚೆ. "ನಮ್ಮ ಬೆಕ್ಕು ಸಾಧು" ಅನ್ನುವ ಮಾತನ್ನು ಈ ಒಂದು ವಿಷಯದಲ್ಲಿ ನಂಬಬೇಡಿ. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದು ಸಣ್ಣ ಗೀರಿನಿಂದಲೂ ಹಕ್ಕಿಯ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಸಾಯಿಸಬಲ್ಲದು. ಬೆಕ್ಕು ಮುಟ್ಟಿತು ಅಂದರೆ ಗಾಯ ಕಾಣದಿದ್ದರೂ ಅವತ್ತೇ ಪಶುವೈದ್ಯರ ಹತ್ತಿರ ಓಡಿ. ಹಕ್ಕಿ ನೋಡುವ ವೈದ್ಯರು ಯಾರಿದ್ದಾರೆ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ನಮ್ಮ ಕಡೆಯ ವೈದ್ಯರಿಗೆ ದನ, ಹಂದಿ, ನಾಯಿಗಳದ್ದೇ ಕೆಲಸ ಜಾಸ್ತಿ.

ಬೆಕ್ಕಿಗಿಂತಲೂ ಹೆಚ್ಚು ಹಕ್ಕಿಗಳನ್ನು ಕಳೆಯುವುದು ತೆರೆದ ಬಾಗಿಲು. ಕೆಲಸದವರು ಬರುತ್ತಾರೆ, ನೆಂಟರು ಬರುತ್ತಾರೆ, ತಳ್ಳಿಕೊಂಡು ಒಳಗೆ ಬಂದುಬಿಡುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಳ್ಳಿ. "ಹಕ್ಕಿ ಹೊರಗಿದೆ" ಅಂತ ಮಗಳ ಕೈಯಲ್ಲೇ ಬರೆಸಿ ಬಾಗಿಲಿಗೆ ನೇತುಹಾಕಿ. ಒಳಗಿರುವವರು ಚಪ್ಪಲಿ ಬಿಟ್ಟು ನೋಡಿಕೊಂಡು ಕಾಲಿಡಲಿ, ಬಡ್ಜಿ ನೆಲದ ಮೇಲೆ ತುಂಬಾ ಓಡಾಡುತ್ತದೆ. ದಿಂಬಿನ ಕೆಳಗೂ ನುಗ್ಗುತ್ತದೆ, ಕೂರುವ ಮುಂಚೆ ಎತ್ತಿ ನೋಡಿ.

ಬಿಡುವ ಹೊತ್ತು ಯಾವುದು? ಸಂಜೆ ಊಟ ಕೊಡುವ ಮೊದಲು. ಕತ್ತಲಾಗಲು ಗಂಟೆ ಒಂದೂವರೆ ಗಂಟೆ ಇರುವಾಗ ಬಿಟ್ಟರೆ ಹಸಿವು, ನಿದ್ದೆ ಎರಡೂ ಅದನ್ನು ಗೂಡಿಗೆ ಎಳೆಯುತ್ತವೆ. ಹಾಗಂತ ಉಪವಾಸ ಕೆಡವಬೇಡಿ. ಸಣ್ಣ ಹಕ್ಕಿ ಹಸಿವು ತಡೆಯುವುದಿಲ್ಲ, ನೀರಂತೂ ಯಾವಾಗಲೂ ಇರಬೇಕು. ಆದರೆ ಊಟ ಗೂಡಿನ ಒಳಗೆ ಮಾತ್ರ. ಹೊರಗೆ ಬಟ್ಟಲು ಇಟ್ಟರೆ ಅದು ಯಾಕೆ ವಾಪಸ್ ಹೋಗುತ್ತದೆ ಹೇಳಿ? ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತಿದ್ದರೆ, ಥಂಡಿ ಗಾಳಿ ಬೀಸುತ್ತಿದ್ದರೆ ಅವತ್ತು ಬೇಡ. ದೀಪಾವಳಿಗೂ ಬೇಡ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ, ಅವತ್ತೂ ಗೂಡಿನಲ್ಲೇ ಇರಲಿ. ಆ ಸದ್ದಿಗೆ ಹೆದರಿದ ಹಕ್ಕಿ ಎಲ್ಲಿಗೆ ಹೋಗಿ ಬಡಿಯುತ್ತದೆ ಅಂತ ಹೇಳಲಾಗದು.

ಮೊದಲ ದಿನ ಗೂಡಿನ ಬಾಗಿಲು ತೆರೆದು ಕ್ಲಿಪ್ ಹಾಕಿ, ತಾನಾಗಿ ಮುಚ್ಚಿಕೊಳ್ಳದ ಹಾಗೆ. ಬಾಗಿಲಿಗೆ ಅಡ್ಡವಾಗಿ ಒಂದು ಕಡ್ಡಿ ಕಟ್ಟಿ, ಮೆಟ್ಟಿಲಾಗುತ್ತದೆ. ಆಮೇಲೆ ದೂರ ಹೋಗಿ ಸುಮ್ನೆ ಕೂತುಬಿಡಿ. ಕೈಯಲ್ಲಿ ಹಿಡಿದು ಹೊರಗೆ ತರಬೇಡಿ. ಅವತ್ತು ಬರದಿದ್ದರೆ ನಾಳೆ, ನಾಳೆ ಇಲ್ಲದಿದ್ದರೆ ಆ ವಾರ. ಬಂದಾಗ ಮೊದಲ ಹಾರಾಟ ನೋಡಿ ಹೆದರಬೇಡಿ. ಕೋಣೆಯನ್ನು ಎರಡು ಮೂರು ಸುತ್ತು ಹಾಕಿ, ಎಲ್ಲಿ ಇಳಿಯಬೇಕು ಅಂತ ತಿಳಿಯದೆ ಗೋಡೆ ತಾಗಿ, ಪರದೆಯ ಮೇಲೆ ಹೋಗಿ ಕೂತುಕೊಳ್ಳುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸುಧಾರಿಸಿಕೊಳ್ಳಲು ಬಿಡಿ, ಆಗ ಹತ್ತಿರ ಹೋಗಬೇಡಿ. ಮಗಳಿಗೂ ಹೇಳಿಡಿ, ಚಪ್ಪಾಳೆ ಬೇಡ, ಕಿರುಚುವುದು ಬೇಡ. ಶುರುವಿನಲ್ಲಿ 10-15 ನಿಮಿಷ ಸಾಕು.

ಒಳಗೆ ಹೋಗಲು ಒಪ್ಪದಿದ್ದರೆ? ನವಣೆ ತೆನೆ ತೋರಿಸಿ ಬೆರಳು ಚಾಚಿ. ಬರದಿದ್ದರೆ ತೆನೆಯನ್ನು ಗೂಡಿನೊಳಗೆ ಕಾಣುವ ಹಾಗೆ ಸಿಕ್ಕಿಸಿ ಕಾಯಿರಿ. ಅದೂ ಆಗದಿದ್ದರೆ ಕತ್ತಲಾಗಲಿ. ಬಡ್ಜಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಅದು ಎಲ್ಲಿ ಕೂತಿದೆ ಅಂತ ನೋಡಿಟ್ಟುಕೊಂಡು ದೀಪ ಆರಿಸಿ, ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಮುಚ್ಚಿ ಎತ್ತಿಕೊಳ್ಳಿ. ಎದೆಯನ್ನು ಮಾತ್ರ ಒತ್ತಲೇಬೇಡಿ. ಹಕ್ಕಿಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಪರದೆ ಇಲ್ಲ, ಎದೆಯ ಗೂಡನ್ನು ಹಿಗ್ಗಿಸಿ ಕುಗ್ಗಿಸಿಯೇ ಅದು ಉಸಿರಾಡುವುದು. ಬಿಗಿಯಾಗಿ ಹಿಡಿದರೆ ಮೂಗು ಮುಚ್ಚದಿದ್ದರೂ ಉಸಿರು ಕಟ್ಟುತ್ತದೆ. ತಲೆಯ ಎರಡು ಪಕ್ಕ ಬೆರಳಿಟ್ಟು, ಮೈಯನ್ನು ಅಂಗೈಯಲ್ಲಿ ಸಡಿಲವಾಗಿ ಇರಿಸಿಕೊಳ್ಳಿ.

ರೆಕ್ಕೆ ಕತ್ತರಿಸುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕತ್ತರಿಸಿದ ಹಕ್ಕಿ ಹಾರಲು ಹೋಗಿ ಕಲ್ಲಿನ ಹಾಗೆ ನೆಲಕ್ಕೆ ಬೀಳುತ್ತದೆ, ಎದೆಯ ಮೂಳೆಗೆ ಏಟಾಗುತ್ತದೆ. ಬೆಕ್ಕು ಬಂದರೆ ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯೇ ಇಲ್ಲ. ಮನೆಯವರಿಗೆ "ಇದು ಹಾರಲ್ಲ" ಅಂತ ಧೈರ್ಯ ಬಂದು ಬಾಗಿಲು ತೆರೆದಿಡುತ್ತಾರೆ. ಗರಿ ಉದುರಿ ಹೊಸ ಗರಿ ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ದಿನ ಜೋರು ಗಾಳಿಗೆ ಸಿಕ್ಕು ಹೊರಟೇಹೋಗುತ್ತದೆ. ಕಾಲಿಗೆ ದಾರ ಕಟ್ಟುವವರನ್ನೂ ನೋಡಿದ್ದೇನೆ. ಬೆಂಕಿಕಡ್ಡಿಯಷ್ಟು ತೆಳ್ಳಗಿನ ಕಾಲು ಅದರದು, ಒಂದು ಜಗ್ಗಿಗೆ ಮುರಿಯುತ್ತದೆ. ದಯವಿಟ್ಟು ಮಾಡಬೇಡಿ.

ಇಷ್ಟೆಲ್ಲಾ ಮಾಡಿಯೂ ಹಾರಿಹೋದರೆ ಏನು ಮಾಡಬೇಕು ಅನ್ನುವುದನ್ನೂ ತಿಳಿದಿರಿ. ಅದು ಪಾರಿವಾಳದಂತೆ ದಾರಿ ಹುಡುಕಿಕೊಂಡು ಮನೆಗೆ ಬರುವ ಹಕ್ಕಿಯಲ್ಲ. ಹಾರಿದ ಕ್ಷಣದಲ್ಲಿ ಯಾವ ದಿಕ್ಕಿಗೆ, ಯಾವ ಮರಕ್ಕೆ ಹೋಯಿತು ಅಂತ ಒಬ್ಬರು ಕಣ್ಣಿಟ್ಟು ನೋಡಲಿ. ಇನ್ನೊಬ್ಬರು ಗೂಡನ್ನು ಅಂಗಳಕ್ಕೆ ತಂದು, ಬಾಗಿಲು ತೆರೆದು, ತೆನೆ ಕಟ್ಟಿ, ಎತ್ತರದಲ್ಲಿಡಲಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿನಲ್ಲಿ ಹಸಿರು ಬಡ್ಜಿ ಕಣ್ಣಿಗೆ ಬೀಳುವುದು ಕಷ್ಟ, ಹಾಗಾಗಿ ಕಿವಿಯಿಂದ ಹುಡುಕಿ. ಬಡ್ಜಿ ಒಂಟಿಯಾದಾಗ ತನ್ನವರನ್ನು ಕೂಗುತ್ತದೆ, ಉತ್ತರ ಕೇಳಿದರೆ ಹತ್ತಿರ ಬರುತ್ತದೆ. ಅದರ ಚಿಲಿಪಿಲಿಯನ್ನು ಇವತ್ತೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅವತ್ತು ಅದನ್ನೇ ಜೋರಾಗಿ ಹಾಕಬಹುದು. ಮಗಳು "ಹತ್ತು" ಅಂತ ಅದೇ ದನಿಯಲ್ಲಿ ಕರೆಯಲಿ. ಕತ್ತಲಾದ ಮೇಲೆ ಅದು ಜಾಗ ಬಿಡುವುದಿಲ್ಲ, ಮಾರನೇ ದಿನ ಬೆಳಕು ಹರಿಯುವ ಮೊದಲೇ ಅದೇ ಮರದ ಕೆಳಗೆ ಗೂಡಿನೊಂದಿಗೆ ಹೋಗಿ ನಿಲ್ಲಿ. ಹಸಿದಿರುತ್ತದೆ, ಇಳಿಯುವ ಸಾಧ್ಯತೆ ಆಗಲೇ ಜಾಸ್ತಿ. ತೋಟದ ಕೆಲಸಗಾರರ ಲೈನ್ ಮನೆಯವರಿಗೂ ಪಕ್ಕದ ತೋಟದವರಿಗೂ ಹೇಳಿಡಿ. ದಣಿದ ಬಡ್ಜಿ ಮನುಷ್ಯರ ಭುಜದ ಮೇಲೆ ತಾನಾಗಿ ಬಂದು ಕೂರುವುದುಂಟು.

ನಿಮ್ಮ ಮನೆಯಲ್ಲಿ ಸೀಲಿಂಗ್ ಇರುವ ಕೋಣೆ ಯಾವುದು, ಅದಕ್ಕೆ ಎಷ್ಟು ಬಾಗಿಲು ಕಿಟಕಿ ಅಂತ ಬರೆಯಿರಿ. ನೆಟ್ ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಅನ್ನುವುದನ್ನು ನೋಡಿ ಹೇಳುತ್ತೇನೆ.